ಮುಹೂರ್ತ ಕಾದ ಸೇತುವೆ

ಶಿಷ್ಯ ಗುರುಮಲ್ಲಪ್ಪ ಓಡುತ್ತಲೇ ಮಠಕ್ಕೆ ಬಂದ. ಅಡ್ಡಬಿದ್ದವನು ಪೂರ್ತಿ ಏಳುವ ಮೊದಲೇ ಕೇಳಿದ: "ಬುದ್ಧಿ, ನಮ್ಮ ಹೊಳೆಯ ಸೇತುವೆ ಮುಗಿಯಿತು. ಎಂಥ ಮಳೆ ಬಂದರೂ ದಾರಿ ಕಡಿದುಹೋಗಬಾರದು ಎಂದು ಸರ್ಕಾರ ಅನುದಾನ ಕೊಟ್ಟು ಕಟ್ಟಿಸಿದ ಸೇತುವೆ. ತಾವೇ ಬಂದು ಉದ್ಘಾಟನೆ ಮಾಡಬೇಕು. ಯಾವ ದಿನ ಒಳ್ಳೆಯದು?"

ಅಲ್ಲಿಯವರೆಗೆ ಜನ ಹೇಗೆ ದಾಟುತ್ತಾರೆ ಎಂದು ಗುರುಗಳು ವಿಚಾರಿಸಿದರು. ಹಳೆಯ ತಗ್ಗು ಸೇತುವೆಯ ಮೇಲೇ ದಾಟುತ್ತಾರೆ, ಉದ್ಘಾಟನೆಯ ತನಕ ಯಾರೂ ಹತ್ತದಂತೆ ಹೊಸದಕ್ಕೆ ಮುಳ್ಳಿನ ಬೇಲಿ ಹಾಕಿಸಿದ್ದೇವೆ ಎಂದು ಶಿಷ್ಯ ಹೆಮ್ಮೆಯಿಂದ ಹೇಳಿದ. ಭಲೆ, ಹಾಗಾದರೆ ಕೂತುಕೊಂಡು ಒಂದು ಕತೆ ಕೇಳು ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಊರಿಗೂ ಆಸ್ಪತ್ರೆಗೂ ನಡುವೆ ಒಂದು ಹೊಳೆ. ಮಳೆಗಾಲ ಬಂತೆಂದರೆ ಅಲ್ಲಿಯ ಸೇತುವೆ ನೀರಿನಡಿ ಹೋಗುತ್ತಿತ್ತು. ಊರಿನ ಯಜಮಾನ ಕೆಟ್ಟವನಲ್ಲ. ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಅನುದಾನ ತಂದ. ಎತ್ತರದ ಸೇತುವೆ ಎದ್ದಿತು. ಕಂಬಗಳನ್ನು ಬಂಡೆ ಸಿಗುವ ತನಕ ಇಳಿಸಿದ್ದರು. ಊರಿಗೆ ಊರೇ ಹಿಗ್ಗಿತು.

ಆದರೆ ಯಜಮಾನ ಅದರ ಬಾಯಿಗೆ ಜಾಲಿಮುಳ್ಳಿನ ಬೇಲಿ ಹಾಕಿಸಿದ. ಹಣ ಮಂಜೂರು ಮಾಡಿದ ಮಂತ್ರಿಗಳು ಬಂದು ಟೇಪು ಕತ್ತರಿಸುವ ಮುಂಚೆ ಯಾರೂ ಕಾಲಿಡಕೂಡದು. ಅವರು ಮುನಿದರೆ, ಕೆರೆ ಏರಿಯ ರಸ್ತೆಗೆ ಕೇಳಿದ್ದ ಮುಂದಿನ ಅನುದಾನಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ ಎಂಬುದು ಅವನ ಅಂಜಿಕೆ. ಜನ ತಲೆಯಾಡಿಸಿದರು. ತಲೆಯಾಡಿಸುವುದನ್ನು ನಮ್ಮವರಿಗೆ ಯಾರಾದರೂ ಕಲಿಸಬೇಕೆ? ಮಂತ್ರಿಗಳು ಇವತ್ತು ನಾಳೆ ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು.

ಹೊಳೆ ಬಂತು. ಹಳೆಯ ಸೇತುವೆ ಮುಳುಗಿತು. ಹೊಸದು ಅಲುಗಲಿಲ್ಲ. ಬೇರುಸಮೇತ ತೇಲಿಬಂದ ಮರಗಳು ಕಂಬಕ್ಕೆ ಬಡಿದು, ಪಕ್ಕಕ್ಕೆ ಸರಿದು ಹೋದವು. ಜನ ದಡದಲ್ಲಿ ನಿಂತು ಶಿಳ್ಳೆ ಹಾಕಿದರು. ಕುಸ್ತಿಯಲ್ಲಿ ತಮ್ಮೂರ ಜಟ್ಟಿ ಗೆದ್ದಾಗಲೂ ಅಷ್ಟು ಶಿಳ್ಳೆ ಬಿದ್ದಿರಲಿಕ್ಕಿಲ್ಲ. ಖುಷಿಗೆ ಯಜಮಾನನ ಕಣ್ಣಲ್ಲಿ ನೀರೇ ಬಂತು.

ಆಗ ಒಬ್ಬ ರೈತ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ. ಹಿಂದಿನ ಟ್ರೈಲರಿನಲ್ಲಿ ಹುಲ್ಲಿನ ಮೇಲೆ ಅವನ ಹೆಂಡತಿ. ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿದೆ, ಆಸ್ಪತ್ರೆ ಮುಟ್ಟದಿದ್ದರೆ ಎರಡು ಜೀವವೂ ಉಳಿಯದು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಶಿಳ್ಳೆ ನಿಂತಿತು. ಒಂದು ಮಾತು ಕೇಳಿಬಿಡೋಣ ಎಂದು ಯಜಮಾನ ಮಂತ್ರಿಗಳ ಕಡೆಯವರಿಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ರೈತ ಕೈಮುಗಿದುಕೊಂಡು ನಿಂತ. ಅಯ್ಯೋ ಪಾಪ, ಹೆಂಡತಿ ಅಷ್ಟು ನರಳುತ್ತಿದ್ದರೂ ಬೇಲಿ ಕೀಳಲು ಅವನಿಗೂ ಕೈ ಬರಲಿಲ್ಲ.

ಹೆಂಡತಿ ಟ್ರೈಲರಿನ ಅಂಚು ಹಿಡಿದು ಎದ್ದು ಕೂತಳು. "ನೀರಿಗೆ ಹೆದರದ ಸೇತುವೆ ಕಟ್ಟಿಸಿ, ಮುಳ್ಳಿಗೆ ಹೆದರಿ ನಿಂತಿದ್ದೀರಲ್ಲ, ನಿಮ್ಮ ಮನೆ ಹಾಳಾಗ! ಮಂತ್ರಿ ಬರುವ ತನಕ ತಡೆದುಕೋ ಅಂತ ಹೊಟ್ಟೆಯೊಳಗಿನ ಕೂಸಿಗೆ ನೀವೇ ಹೇಳಿ."

ಯಜಮಾನ ಫೋನನ್ನು ಕೆಸರಿಗೆ ಬಿಸಾಡಿದ. ತಾನೇ ಬರಿಗೈಯಲ್ಲಿ ಮುಳ್ಳು ಹಿಡಿದು ಎಳೆದ. ಅಂಗೈಯಲ್ಲಿ ರಕ್ತ ಬಂದರೂ ಬಿಡಲಿಲ್ಲ. ಊರೆಲ್ಲ ಮೇಲೆಬಿದ್ದು ಬೇಲಿ ಕಿತ್ತಿತು. ಟ್ರ್ಯಾಕ್ಟರ್ ಹೊರಟಿತು. ಕೆಳಗೆ ಹೊಳೆ ಬೊಬ್ಬಿಡುತ್ತಿತ್ತು, ಜನ ಅದಕ್ಕಿಂತ ಜೋರಾಗಿ ಕೂಗುತ್ತ ಹಿಂದೆ ಓಡಿದರು. ತಾಯಿ ಉಳಿದಳು, ಮಗುವೂ ಉಳಿಯಿತು. ಇನ್ನು ಅರ್ಧ ಗಳಿಗೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

ಮಂತ್ರಿಗಳೇ? ಬಂದರು, ನೀರೆಲ್ಲ ಇಳಿದ ಮೇಲೆ. ಟೇಪು ಕತ್ತರಿಸಿದರು. ಮುನಿಸೂ ಇಲ್ಲ, ಗಿನಿಸೂ ಇಲ್ಲ. ಅದೇ ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಹೋದರು.

ಕತೆ ಮುಗಿದಾಗ ಗುರುಮಲ್ಲಪ್ಪ ತಾನೂ ಆ ಟ್ರ್ಯಾಕ್ಟರಿನ ಹಿಂದೆ ಓಡಿದವನಂತೆ ಏದುಸಿರು ಬಿಡುತ್ತಿದ್ದ. ಸದ್ಯ, ಇಬ್ಬರೂ ಬದುಕಿಕೊಂಡರಲ್ಲ ಎಂದ. ಆಮೇಲೆ ಬಂದ ಕೆಲಸ ನೆನಪಾಗಿ, ನಮ್ಮ ಸೇತುವೆಗೆ ಯಾವ ದಿನ ಎಂದು ಮತ್ತೆ ಕೇಳಿದ.

ಗುರುಗಳು ಹೇಳಿದರು: "ಈ ವರ್ಷ ಯಾವ ದಿನ ಉಕ್ಕಿ ಬರುತ್ತೀಯೆಂದು ಹೊಳೆಯನ್ನೇ ಕೇಳಿಕೊಂಡು ಬಾ, ಅದರ ಹಿಂದಿನ ದಿನ ಮುಹೂರ್ತ ಇಡೋಣ."

ಗುರುಮಲ್ಲಪ್ಪ ಅಡ್ಡಬಿದ್ದು ಎದ್ದವನೇ, ಮುಳ್ಳು ಕೀಳಿಸಲು ಹೊಳೆಯ ಕಡೆಗೆ ಓಡಿದ.