ಸೂರ್ಯಚಂದ್ರರಿಗೆ ಬಿಟ್ಟ ಜಾಗ

ಶಿಷ್ಯ ಕೇಳಿದ: "ಸೋತವನು ಮನಸಾರೆ ಒಪ್ಪದೆ ಸಂಧಿಗೆ ಮುದ್ರೆ ಒತ್ತಿದರೆ, ಆ ಸಂಧಿ ಎಷ್ಟು ಕಾಲ ಉಳಿದೀತು, ಗುರುಗಳೆ?"

ಗುರುಗಳು ಹೇಳಿದರು:

ಮೂವರು ಅರಸರು ಒಂದಾಗಿ ಒಬ್ಬ ಅರಸನನ್ನು ಸೋಲಿಸಿದರು. ಯುದ್ಧ ಏಳು ವರ್ಷ ನಡೆದಿತ್ತು. ಸಂಧಿಯ ಓಲೆ ಸಿದ್ಧವಾಯಿತು. ಅದನ್ನು ಕಲ್ಲಿನ ಮೇಲೆ ಕೆತ್ತಿಸಿ ಗಡಿಯಲ್ಲಿ ನಿಲ್ಲಿಸಬೇಕೆಂದು ತೀರ್ಮಾನವಾಗಿ, ಒಬ್ಬ ಕಲ್ಲುಕುಟಿಗನನ್ನು ಕರೆಸಿದರು.

ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಆ ಯುದ್ಧದಲ್ಲಿ ಬಿದ್ದಿದ್ದ. ಅವನ ವೀರಗಲ್ಲನ್ನು ತಂದೆಯೇ ಕೆತ್ತಿದ್ದ. ಕಿರಿಯವನು ಇನ್ನೂ ಗೆದ್ದವರ ದಂಡಿನಲ್ಲಿದ್ದ. ಸಂಧಿಯ ಕಲ್ಲು ನಿಂತ ದಿನ ಅವನನ್ನು ಮನೆಗೆ ಕಳಿಸುವುದಾಗಿ ಅವರ ಮಂತ್ರಿ ಮಾತು ಕೊಟ್ಟಿದ್ದ.

ಕಲ್ಲುಕುಟಿಗ ಹದಿನೆಂಟು ದಿನ ಕೆತ್ತಿದ. ಅಕ್ಷರಗಳೆಲ್ಲ ಮುಗಿದವು. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರಿಗೆ ಬಿಟ್ಟ ಜಾಗ ಮಾತ್ರ ಉಳಿಯಿತು. ಸೂರ್ಯಚಂದ್ರರು ಇರುವವರೆಗೆ ಈ ಮಾತು ನಿಲ್ಲಲಿ ಎಂದು ಆ ಗುರುತಿನ ಅರ್ಥ. ಮಾತು ಕೊಟ್ಟವನೇ ಬಾಯಿಬಿಟ್ಟು ಹೇಳದೆ ಅದನ್ನು ಕೆತ್ತುವ ಪದ್ಧತಿ ಅವನ ಮನೆತನದಲ್ಲಿ ಇರಲಿಲ್ಲ. ಆದ್ದರಿಂದ ಅವನು ಮೂವರು ಅರಸರ ಬಿಡಾರಕ್ಕೂ ಹೋದ.

ಮೊದಲನೆಯ ಅರಸ ಮುದುಕ. ಕೇಳಿದೊಡನೆ ಸಿಡುಕಿದ.

"ಸೂರ್ಯಚಂದ್ರರೆ? ಸೋತವನ ಕೈ ಕಡಿಯಿರಿ ಎಂದೆ. ಇವರಿಬ್ಬರು ಉಗುರು ಕತ್ತರಿಸಿ ಬಂದಿದ್ದಾರೆ. ಇದೂ ಒಂದು ಸಂಧಿಯೆ? ಇರಲಿ, ಕೆತ್ತು."

ಎರಡನೆಯವನು ನಿಟ್ಟುಸಿರು ಬಿಟ್ಟ.

"ಬಹಳ ಕ್ರೂರವಾಯಿತಯ್ಯಾ. ಧರ್ಮದ ಸಂಧಿ ಬರೆಸುತ್ತೇನೆಂದು ಕಡಲು ದಾಟಿ ಬಂದೆ. ಇದರಲ್ಲಿ ನನ್ನದು ಎನ್ನುವಂಥದ್ದು ಒಂದೇ ಸಾಲು. ಅದನ್ನೂ ನನ್ನ ನಾಡಿನವರು ಒಪ್ಪುವುದಿಲ್ಲವಂತೆ. ಆದರೂ ಕೆತ್ತು."

ಮೂರನೆಯವನು ಊಟಕ್ಕೆ ಕೂತಿದ್ದ. ಇವನನ್ನು ಕಂಡು ನಕ್ಕ.

"ಗೆದ್ದ ದಂಡಿನಲ್ಲಿ ಹೀಗೆ ಮೋರೆ ಇಳಿಬಿಟ್ಟುಕೊಂಡವನು ನೀನೊಬ್ಬನೇ ಕಣಯ್ಯಾ! ಅವನನ್ನು ಹಿಂಡಿ ಬರುತ್ತೇನೆಂದು ನಮ್ಮ ಜನಕ್ಕೆ ಹೇಳಿದ್ದೆ, ಹಿಂಡಿದೆ. ಇನ್ನೇನು?"

"ಇದು ನಿಲ್ಲುತ್ತದೆಯೆ, ಒಡೆಯಾ?"

"ಕಲ್ಲು ನಿಲ್ಲುತ್ತದೆ. ಕೆತ್ತು, ಕೆತ್ತು."

ಮೂವರೂ ಕೆತ್ತು ಎಂದಿದ್ದರು. ಮೂವರಲ್ಲಿ ಒಬ್ಬನಿಗೂ ಅದರಲ್ಲಿ ನಂಬಿಕೆ ಇರಲಿಲ್ಲ. ಕಲ್ಲುಕುಟಿಗ ದಾರಿಯುದ್ದಕ್ಕೂ ಅದನ್ನೇ ನೆನೆದ. ಆದರೆ ಮಗ ಮನೆಗೆ ಬರಬೇಕಿತ್ತು. ಸೂರ್ಯನನ್ನೂ ಚಂದ್ರನನ್ನೂ ಕೆತ್ತಿದ.

ಕಲ್ಲು ನಿಂತಿತು. ಅಂದು ಮಧ್ಯಾಹ್ನ ಮಂತ್ರಿ ಒಂದು ಓಲೆ ಹಿಡಿದು ಬಂದ. ಅದರ ಮೇಲೆ ಮೂವರು ಅರಸರ ಮುದ್ರೆಯೂ ಇತ್ತು. ಮಗನ ಬಿಡುಗಡೆಯ ಓಲೆಯೆಂದು ಕಲ್ಲುಕುಟಿಗ ಎರಡೂ ಕೈ ಚಾಚಿದ.

"ಇನ್ನೂ ನಲವತ್ತು ಕಲ್ಲು ಬೇಕು," ಎಂದ ಮಂತ್ರಿ. "ವೀರಗಲ್ಲು. ಬಿಲ್ಲುಗಾರರನ್ನು ಕೆತ್ತು. ಹೆಸರಿನ ಜಾಗ ನುಣ್ಣಗೆ ಬಿಡು."

"ಸತ್ತವರದೆಲ್ಲ ಕೆತ್ತಿ ಆಯಿತಲ್ಲ, ಸ್ವಾಮಿ?"

"ಇವರಿನ್ನೂ ಸತ್ತಿಲ್ಲ. ಮುಂದಿನ ಯುದ್ಧಕ್ಕೆ ಬೇಕಲ್ಲ? ಮೂವರು ಒಡೆಯರೂ ತಕರಾರಿಲ್ಲದೆ ಒಪ್ಪಿದ್ದು ಇದೊಂದನ್ನೇ. ವೀರಗಲ್ಲಿಗೂ ನೆತ್ತಿಯಲ್ಲಿ ಸೂರ್ಯಚಂದ್ರರೇ ತಾನೆ? ಹೊಸ ಮಾದರಿ ಬೇಡ, ಸಂಧಿಯ ಕಲ್ಲಿಗೆ ಮಾಡಿದ್ದೇ ಸಾಕು."

ಕಲ್ಲುಕುಟಿಗ ಚಾಚಿದ ಕೈ ಹಿಂದಕ್ಕೆಳೆದುಕೊಂಡ. "ನನ್ನ ಮಗ?"

"ಅವನು ಬಿಲ್ಲುಗಾರನಲ್ಲವೆ? ಸದ್ಯಕ್ಕೆ ಬಿಡುವಂತಿಲ್ಲ."

ಕಲ್ಲುಕುಟಿಗ ತಾನು ಕೆತ್ತಿದ ಸೂರ್ಯಚಂದ್ರರತ್ತ ನೋಡಿದ. ಹಿರಿಯ ಮಗನ ಕಲ್ಲಿನ ನೆತ್ತಿಯಲ್ಲೂ ಅವರೇ ಇದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಸೋತ ಅರಸ ಆ ಸಂಧಿಯನ್ನು ಮುರಿದದ್ದು ಯಾವಾಗ?" ಎಂದು ಕೇಳಿದ.

"ಇಷ್ಟು ಹೊತ್ತೂ ಅವನು ಈ ಕತೆಯೊಳಗೆ ಕಾಲಿಟ್ಟನೆ, ಮಗೂ?" ಎಂದರು ಗುರುಗಳು.