ಹಿಂದಿನ ಬೆಂಚಿನ ಸಾಹೇಬರು

“ಗುರುಗಳೇ, ನಾಳೆ ನಾನು ಮೊದಲ ಸಲ ಮಕ್ಕಳಿಗೆ ಪಾಠ ಹೇಳಬೇಕು. ನೀವು ಹಿಂದೆ ಕುಳಿತು ಕೇಳುತ್ತೀರಿ. ನಿಮಗೆ ಒಪ್ಪಿಗೆಯಾಗಬೇಕಾದರೆ ನಾನು ಹೇಗೆ ಪಾಠ ಹೇಳಲಿ?”

ಮಠದ ಪಾಠಶಾಲೆಯಲ್ಲಿ ಸಂಜೆಯ ಪಾಠ ಮುಗಿದಿತ್ತು. ಮಕ್ಕಳು ಮನೆಗೆ ಹೋಗಿದ್ದರು. ಗುರುಗಳು ಅವರು ಕುಳಿತಿದ್ದ ಚಾಪೆಯನ್ನು ಸುತ್ತುತ್ತಿದ್ದರು. ಶಿಷ್ಯ ಇನ್ನೊಂದು ತುದಿ ಹಿಡಿದಿದ್ದ. ನಾಳೆಯ ಪಾಠದ ಚಿಂತೆಯಲ್ಲಿ ಅವನು ಚಾಪೆಯನ್ನು ಸೊಟ್ಟಸೊಟ್ಟಗೆ ಸುತ್ತುತ್ತಿರುವುದನ್ನು ಕಂಡು ಗುರುಗಳಿಗೆ ಒಳಗೊಳಗೇ ನಗು ಬಂತು.

“ಚಾಪೆ ಬಿಡು, ಕೂತುಕೋ. ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಶಿಕ್ಷಕಿಯಾಗಬೇಕೆಂದು ತರಬೇತಿ ಕಾಲೇಜು ಸೇರಿದ್ದಳು. ಅಲ್ಲಿ ಒಂದು ಪದ್ಧತಿ ಇದೆ. ಪಾಠ ಹೇಳುವುದನ್ನು ಕಲಿಯುವವರನ್ನು ಕೆಲವು ವಾರ ಯಾವುದಾದರೂ ಶಾಲೆಗೆ ಕಳಿಸುತ್ತಾರೆ. ಅವರು ಅಲ್ಲಿಯ ಮಕ್ಕಳಿಗೆ ಪಾಠ ಹೇಳಬೇಕು. ಕೊನೆಗೆ ಒಂದು ದಿನ ಪರೀಕ್ಷಕರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳುತ್ತಾರೆ, ಅಂಕ ಹಾಕುತ್ತಾರೆ. ಅಂಕ ಬಂದರೆ ಶಿಕ್ಷಕಿ. ಬಾರದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಕಸ್ತೂರಿ ಹಿಂದಿನ ವರ್ಷ ಈ ಪರೀಕ್ಷೆಯಲ್ಲಿ ಬಿದ್ದಿದ್ದಳು. ಆಗಿನ ಪರೀಕ್ಷಕರು ಒಂದೇ ಸಾಲು ಬರೆದಿದ್ದರು: ಧ್ವನಿ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ಜೊತೆಯವರೆಲ್ಲ ಪಾಸಾಗಿ ಹೋದರು, ಇವಳು ಉಳಿದಳು. ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಈ ಸಲವೂ ಆಗದಿದ್ದರೆ ಓದು ಸಾಕು ಎಂದು ಅಪ್ಪ ಮೆಲ್ಲಗೆ ಹೇಳಿದರು, ಅಷ್ಟೇ.

ಅಂದಿನಿಂದ ಅವಳದು ಒಂದೇ ಅಭ್ಯಾಸ. ಹಿತ್ತಿಲಿನಲ್ಲಿ ನಿಂತು, ದೂರದ ಬಾವಿಕಟ್ಟೆಯನ್ನೇ ಹಿಂದಿನ ಬೆಂಚು ಎಂದುಕೊಂಡು, ಅದಕ್ಕೆ ಕೇಳಿಸುವ ಹಾಗೆ ಪಾಠ ಹೇಳುವಳು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತು ನೋಡುವರು. ಬಾವಿಕಟ್ಟೆ ಒಂದು ದಿನವೂ ತಕರಾರು ಮಾಡಲಿಲ್ಲ. ಧ್ವನಿ ಏರಿತು, ಗಟ್ಟಿಯಾಯಿತು. ಈ ಸಲ ಗೆದ್ದೆ ಎಂದುಕೊಂಡಳು.

ಮತ್ತೆ ಅವಳನ್ನು ಒಂದು ಶಾಲೆಯ ಏಳನೆಯ ತರಗತಿಗೆ ಕಳಿಸಿದರು. ಅಲ್ಲಿಯ ಮಕ್ಕಳು ಅವಳನ್ನು ಬಹಳ ಹಚ್ಚಿಕೊಂಡರು. ಅಕ್ಕೋರು ಬಂದರು ಎಂದರೆ ಗೇಟಿನ ತನಕ ಓಡಿಬರುವರು. ಅವಳ ಚೀಲ ಹಿಡಿಯಲು ಜಗಳವಾಡುವರು. ಅವಳಿಗೂ ಅವರೆಂದರೆ ಪ್ರೀತಿಯೇ. ಆದರೆ ಪಾಠ ಶುರುವಾದ ಕೂಡಲೇ ಅವಳ ಕಣ್ಣು ಅವರ ತಲೆಗಳ ಮೇಲಿಂದ ಹಾದು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಅಕ್ಕೋರಿಗೆ ಗೋಡೆಯ ಮೇಲಿನ ಭೂಪಟ ಬಹಳ ಇಷ್ಟ ಎಂದು ಮಕ್ಕಳು ತಿಳಿದಿದ್ದರು.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪೆನ್ನು ತೆಗೆದರು. ಅವರ ಹುಬ್ಬು ಹುಟ್ಟಿನಿಂದಲೇ ಗಂಟಿಕ್ಕಿತ್ತೋ ಏನೋ, ಬಾಗಿಲಲ್ಲಿ ಕಸ್ತೂರಿ ನಮಸ್ಕಾರ ಮಾಡಿದಾಗಲೂ ಬಿಚ್ಚಿಕೊಳ್ಳಲಿಲ್ಲ.

ಅಂದಿನ ಪಾಠ ಭಿನ್ನರಾಶಿಗಳ ಭಾಗಾಕಾರ. ಕಸ್ತೂರಿ ಬಣ್ಣದ ಚಾರ್ಟು ತೂಗುಹಾಕಿದಳು. ಎರಡನೆಯ ಭಿನ್ನರಾಶಿಯನ್ನು ತಿರುವಿ ಹಾಕಿ ಗುಣಿಸಬೇಕು ಎಂದಳು. ಅರ್ಧವನ್ನು ಕಾಲು ಭಾಗದಿಂದ ಭಾಗಿಸಿದಳು. ಉತ್ತರ ಎರಡು ಎಂದು ಬೋರ್ಡಿನ ಮೇಲೆ ಬರೆದಳು. ಧ್ವನಿ ಖಣಿಖಣಿ ಎನ್ನುತ್ತಿತ್ತು. ಪರೀಕ್ಷಕರ ಕಡೆ ನೋಡಿದಳು. ಹುಬ್ಬು ಗಂಟಿಕ್ಕಿಯೇ ಇತ್ತು. ಕೇಳಿಸಲಿಲ್ಲವೇನೋ ಎಂದು ಧ್ವನಿ ಏರಿಸಿ ಇನ್ನೊಮ್ಮೆ ಹೇಳಿದಳು. ಹುಬ್ಬು ಸಡಿಲಾಗಲಿಲ್ಲ. ಅವರ ಮುಖವನ್ನೇ ನೋಡುತ್ತ ಮತ್ತೂ ಒಮ್ಮೆ ಹೇಳಿದಳು.

ಈಗ ಆ ತರಗತಿಯ ಒಂದು ರೂಢಿಯನ್ನು ಹೇಳಬೇಕು. ಅಲ್ಲಿಯ ಗಣಿತದ ಮಾಸ್ತರರು, ಯಾವ ಮಗುವಿಗೆ ತಿಳಿಯಲಿಲ್ಲವೋ ಅದರ ಮುಖವನ್ನೇ ನೋಡುತ್ತ, ಹೇಳಿದ್ದನ್ನೇ ಧ್ವನಿ ಏರಿಸಿ ಮತ್ತೆ ಹೇಳುತ್ತಿದ್ದರು. ಆಗಲೂ ತಿಳಿಯದಿದ್ದರೆ ಎಬ್ಬಿಸಿ ತಂದು ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಮುಂದಿನ ಬೆಂಚಿನ ಫಕ್ಕೀರವ್ವ ಹಾಗೆ ಬಂದು ಕೂತವಳೇ. ಅಂಥ ನೋಟದ ಪರಿಚಯ ಅವಳಿಗೆ ಚೆನ್ನಾಗಿತ್ತು. ಅವಳು ಹಿಂದಿರುಗಿ ನೋಡಿದಳು. ಅವಳನ್ನು ನೋಡಿ ಉಳಿದ ಮಕ್ಕಳೂ ಹಿಂದೆ ತಿರುಗಿ ನೋಡಿದರು. ಎಲ್ಲರಿಗೂ ಆ ದೊಡ್ಡ ಮನುಷ್ಯನ ಮೇಲೆ ಕನಿಕರ ಹುಟ್ಟಿತು.

ಫಕ್ಕೀರವ್ವ ಕೈ ಎತ್ತಿದಳು. ಕಸ್ತೂರಿಗೆ ಹೋದ ಜೀವ ಬಂದಂತಾಯಿತು. ಮಕ್ಕಳು ಪ್ರಶ್ನೆ ಕೇಳಿದರೆ ಅದಕ್ಕೂ ಅಂಕ ಇರುತ್ತದೆ.

“ಅಕ್ಕೋರ, ಹಿಂದ ಕುಂತ ಸರ್‌ಗೆ ತಿಳೀವಲ್ದು ಅನಸ್ತೈತ್ರಿ. ಅವ್ರನ್ನ ಮುಂದ ಕರದು ಕುಂದರಸ್ರಿ. ನನ್ನ ಬಾಜೂಕ ಜಾಗಾ ಐತಿ.”

ಯಾವ ಮಗುವೂ ನಗಲಿಲ್ಲ. ಫಕ್ಕೀರವ್ವ ಸರಿದು ಜಾಗ ಮಾಡಿಯೇಬಿಟ್ಟಿದ್ದಳು.

ಕಸ್ತೂರಿ ಹಿಂದಿನ ಬೆಂಚಿನಿಂದ ಕಣ್ಣು ತೆಗೆದು ಅವಳ ಕಡೆ ನೋಡಿದಳು. “ನಿಮಗ ತಿಳೀತೇನವಾ?” ಎಂದಳು.

“ನಮ್ಮನ್ನ ನೀವು ಕೇಳೇ ಇಲ್ಲಲ್ರಿ.”

ಹುಡುಗಿಯ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಕಸ್ತೂರಿಗೆ ನಾಚಿಕೆಯಾಯಿತು. ಇಷ್ಟು ವಾರ ಚೀಲ ಹಿಡಿದು ಹಿಂದೆ ಹಿಂದೆ ತಿರುಗಿದ ಮಕ್ಕಳು. ಪಾಠದ ಹೊತ್ತಿನಲ್ಲಿ ಅವರ ಮುಖ ಹೇಗಿರುತ್ತದೆ ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ.

ನೋಡಪ್ಪ, ಅವಳ ಮುಂದೆ ಆಗ ಎರಡೇ ದಾರಿ. ಹುಡುಗಿಯನ್ನು ಸುಮ್ಮನೆ ಕೂರಿಸಿ ಎರಡನೆಯ ಚಾರ್ಟು ಬಿಚ್ಚಬಹುದಿತ್ತು. ಚಾರ್ಟುಗಳು ಇನ್ನೂ ಇದ್ದವು, ಗಂಟೆ ಹೊಡೆಯಲು ಹೊತ್ತೂ ಇತ್ತು, ಹಿಂದಿನ ಬೆಂಚಿನಲ್ಲಿ ಪೆನ್ನೂ ಕಾಯುತ್ತಿತ್ತು. ಒಂದು ವರ್ಷ ಬಾವಿಕಟ್ಟೆಗೆ ಪಾಠ ಹೇಳಿದ್ದು ಆ ಪೆನ್ನಿಗಾಗಿಯೇ. ಆದರೂ ಚಾರ್ಟು ತೋರಿಸುತ್ತಿದ್ದ ಕೋಲನ್ನು ಮೇಜಿನ ಮೇಲಿಟ್ಟಳು. ಬಂದು, ಫಕ್ಕೀರವ್ವ ಮಾಡಿದ್ದ ಜಾಗದಲ್ಲಿ ತಾನೇ ಕುಳಿತಳು. ಪರೀಕ್ಷಕರಿಗೆ ಈಗ ಅವಳ ಬೆನ್ನು.

“ಏನು ತಿಳೀಲಿಲ್ಲ, ಹೇಳು” ಎಂದಳು. ಅಷ್ಟು ಕಷ್ಟಪಟ್ಟು ಗಳಿಸಿದ ಧ್ವನಿ ಎಲ್ಲಿ ಹೋಯಿತೋ. ಹೊರಟಿದ್ದು ಅವಳ ಹಳೆಯ ಸಣ್ಣ ಧ್ವನಿ.

“ಭಾಗಿಸಿದ್ರ ಕಡಿಮಿ ಆಗಬೇಕಲ್ರಿ. ಅರ್ಧಾ ಇದ್ದದ್ದು ಎರಡು ಹ್ಯಾಂಗ ಆತು?”

ತಿರುವಿ ಹಾಕಿ ಗುಣಿಸಬೇಕು ಎಂಬ ಮಾತು ಕಸ್ತೂರಿಯ ನಾಲಿಗೆಯ ತುದಿಗೆ ಬಂತು. ಅಲ್ಲಿಯೇ ನಿಂತಿತು. ಹೌದಲ್ಲ, ಹೇಗಾಯಿತು? ಅವಳೂ ಏಳನೆಯ ತರಗತಿ ಓದಿದ್ದಳು, ಆಮೇಲೆ ಎಷ್ಟೋ ಓದಿದ್ದಳು. ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಬೋರ್ಡಿನ ಮೇಲಿನ ಎರಡನ್ನು ತಾನೇ ಮೊದಲ ಸಲ ಕಾಣುವವಳಂತೆ ನೋಡಿದಳು. ಮಕ್ಕಳು ಕಾದರು. ಕಾಯುವುದು ಅವರಿಗೆ ಬೇಸರವಾದಂತೆ ಕಾಣಲಿಲ್ಲ.

ಕೊನೆಗೆ ಚೀಲದಿಂದ ಊಟದ ಡಬ್ಬಿ ತೆಗೆದಳು. ಒಂದು ಜೋಳದ ರೊಟ್ಟಿಯನ್ನು ಸರಿಯಾಗಿ ಎರಡು ಮಾಡಿದಳು. ಒಂದು ಅರ್ಧವನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಫಕ್ಕೀರವ್ವನ ಕೈಗೆ ಕೊಟ್ಟಳು.

“ಇದು ಅರ್ಧಾ ರೊಟ್ಟಿ. ಇದರಾಗ ಕಾಲು ರೊಟ್ಟಿ ಎಷ್ಟು ಅದಾವ, ಮುರದು ನೋಡು.”

ಹಿಂದಿನ ಸಾಲಿನ ಮಕ್ಕಳಿಗೆ ಕೇಳಿಸಲಿಲ್ಲ. ಹಾಗಾಗಿ ಅವರೆಲ್ಲ ಎದ್ದು ಬಂದು ಸುತ್ತ ನಿಂತರು. ಫಕ್ಕೀರವ್ವ ರೊಟ್ಟಿ ಮುರಿದಳು. ಎರಡು ಕೈಯಲ್ಲಿ ಎರಡು ತುಂಡು ಹಿಡಿದು, ಅದನ್ನೂ ಇದನ್ನೂ ನೋಡಿದಳು. ಬೋರ್ಡಿನ ಕಡೆ ನೋಡಿದಳು.

“ಎರಡು ಅದಾವ್ರಿ” ಎಂದಳು. ಆಮೇಲೆ ನಿಧಾನವಾಗಿ, “ಭಾಗಿಸೂದು ಅಂದ್ರ ಎಷ್ಟು ಅದಾವ ಅಂತ ಕೇಳೂದೇನ್ರಿ?” ಎಂದಳು.

ಕಸ್ತೂರಿ ಹೌದು ಎಂದಳು. ಆ ಹೌದು ಅವಳಿಗೂ ಹೊಸದೇ ಆಗಿತ್ತು. ಅಷ್ಟರಲ್ಲಿ ಫಕ್ಕೀರವ್ವ ಎದ್ದು ಹಿಂದಕ್ಕೆ ನಡೆದಿದ್ದಳು. ತನಗೆ ತಿಳಿದ ಮೇಲೆ, ತಿಳಿಯದೆ ಕೂತ ಇನ್ನೊಬ್ಬರನ್ನು ಹಾಗೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

“ನೋಡ್ರಿ ಸರ್, ಇದು ಕಾಲು, ಇದೂ ಕಾಲು” ಎಂದು ಎರಡು ತುಂಡನ್ನೂ ಅವರ ಮುಂದೆ ಹಿಡಿದಳು. ರೊಟ್ಟಿ ತೆಗೆದುಕೊಳ್ಳಲು ಪರೀಕ್ಷಕರು ಪೆನ್ನು ಕೆಳಗಿಡಬೇಕಾಯಿತು.

ಗಂಟೆ ಹೊಡೆಯಿತು. ಉಳಿದ ಚಾರ್ಟುಗಳ ಸುರುಳಿ ಬಿಚ್ಚಲೇ ಇಲ್ಲ. ಮನೆಗೆಲಸ ಕೊಡುವುದೂ ಆಗಲಿಲ್ಲ. ಕಸ್ತೂರಿ ಮಕ್ಕಳ ಜೊತೆ ಅಂಗಳಕ್ಕೆ ಹೋಗಿ, ಮರದ ಕೆಳಗೆ ಕುಳಿತು, ಡಬ್ಬಿಯಲ್ಲಿದ್ದ ರೊಟ್ಟಿಯನ್ನೆಲ್ಲ ಹಂಚಿದಳು. ಹಂಚಿದ ಪ್ರತಿ ತುಂಡಿಗೂ ಇದು ಎಷ್ಟನೆಯ ಭಾಗ ಎಂದು ಮಕ್ಕಳು ಜಗಳವಾಡಿದರು. ಅವಳ ಪಾಲಿಗೆ ಬಂದದ್ದು ಎಂಟನೆಯ ಒಂದು ಭಾಗವೋ ಏನೋ. ಅಂಥ ಊಟವನ್ನು ಅವಳು ಆ ವರ್ಷ ಮಾಡಿರಲಿಲ್ಲ.

ಗುರುಗಳು ಕತೆ ಮುಗಿಸಿ ಚಾಪೆಯನ್ನು ಗೋಡೆಗೆ ಒರಗಿಸಿದರು. ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಅದೆಲ್ಲ ಸರಿ, ಗುರುಗಳೇ. ಆ ಪರೀಕ್ಷಕರು ಕೊನೆಗೆ ಎಷ್ಟು ಅಂಕ ಹಾಕಿದರು?”

ಗುರುಗಳು ಅವನ ಮುಖವನ್ನು ಪ್ರೀತಿಯಿಂದ ನೋಡಿದರು.

“ನೀನೂ ಹಿಂದಿನ ಬೆಂಚನ್ನೇ ನೋಡುತ್ತಿದ್ದೀಯಲ್ಲಪ್ಪ.”