ನೇರಳೆ ಮರ ಕೊಟ್ಟು ತಂದ ಎಸೆತಗಾರ

ಒಂದು ಕಾಡು. ಕಾಡಿನೊಳಗೆ ಒಂದು ಕೆರೆ. ಕೆರೆಯ ಒಂದು ಮೂಲೆಯಲ್ಲಿ ಹೊಂಗೆ ಮರ. ಅದರ ನೆರಳಿನಲ್ಲಿ ನೀರು ಆಳ. ಬೇಸಿಗೆಯಲ್ಲಿ ಕೆರೆಯೆಲ್ಲ ಬತ್ತಿದರೂ ಆ ಮೂಲೆ ಬತ್ತುವುದಿಲ್ಲ.

ಮೂಲೆ ಒಂದೇ. ಬೇಕು ಎನ್ನುವ ಗುಂಪು ಎರಡು. ಕೆರೆ ದಂಡೆಯವರು ಮತ್ತು ಗುಡ್ಡದವರು. ಮೊದಲು ಕಚ್ಚಾಡುತ್ತಿದ್ದರು. ಆಮೇಲೆ ಬುದ್ಧಿ ಬಂತು. ಲಗೋರಿ ಆಡತೊಡಗಿದರು. ಗೆದ್ದವರಿಗೆ ಆ ಬೇಸಿಗೆಯ ನೆರಳು. ಸೋತವರು ನದಿಗೆ ಹೋಗಬೇಕು.

ನದಿಯಲ್ಲಿ ಮೊಸಳೆ ಇತ್ತು.

ಮಕ್ಕಳೇ, ಲಗೋರಿ ನಿಮಗೆ ಗೊತ್ತು. ಏಳು ಚಪ್ಪಟೆ ಕಲ್ಲು, ಒಂದರ ಮೇಲೊಂದು. ದೂರದ ಗೆರೆಯಿಂದ ಚೆಂಡು ಎಸೆಯಬೇಕು. ನೀವು ಬಿದ್ದ ಕಲ್ಲನ್ನು ಮತ್ತೆ ಜೋಡಿಸುತ್ತೀರಿ. ಅವರು ಜೋಡಿಸುವುದಿಲ್ಲ. ಅಷ್ಟು ತಾಳ್ಮೆ ಇಲ್ಲ. ಒಬ್ಬೊಬ್ಬ ಎಸೆತಗಾರನಿಗೆ ಮೂರು ಎಸೆತ. ಪ್ರತಿ ಎಸೆತಕ್ಕೂ ಮುಂಚೆ ತೀರ್ಪುಗಾರ ಕೊಕ್ಕರೆ ಏಳನ್ನೂ ಪೇರಿಸಿಡುತ್ತಾನೆ. ಒಂದೇ ಎಸೆತದಲ್ಲಿ ಯಾರು ಹೆಚ್ಚು ಕಲ್ಲು ಬೀಳಿಸುತ್ತಾರೋ ಅವರು ಗೆದ್ದ ಹಾಗೆ. ವರ್ಷಕ್ಕೆ ನಾಲ್ಕು ಆಟ. ಮೊದಲ ಮೂರು ಆಟ ಬಾಯಿಗೆ, ಅಂದರೆ ಗೆದ್ದವರು ಜಂಬ ಕೊಚ್ಚಿಕೊಳ್ಳಲು. ನಾಲ್ಕನೆಯ ಆಟ ನೆರಳಿಗೆ.

ಗುಡ್ಡದವರ ಎಸೆತಗಾರ ಕರಡಿ ಜಡಿಯಪ್ಪ. ಕೈ ದಪ್ಪ, ಗುರಿ ಗಟ್ಟಿ. ಕೆರೆ ದಂಡೆಯವರ ಎಸೆತಗಾರ ಮೊಲ ಚಿಕ್ಕೀರ. ಅವನು ಎಸೆದರೆ ಚೆಂಡು ಕಲ್ಲಿನ ತನಕ ಹೋಗಿ ನಮಸ್ಕಾರ ಮಾಡಿ ನಿಲ್ಲುತ್ತಿತ್ತು.

ಕೆರೆ ದಂಡೆಯವರು ಎರಡು ವರ್ಷ ಸತತ ಸೋತರು. ಎರಡು ಬೇಸಿಗೆ ನದಿಗೆ ಹೋದರು. ಮೊಸಳೆ ಬಂದರೆ ಎಮ್ಮೆ ದ್ಯಾವಮ್ಮ ಓಡುತ್ತಿದ್ದಳು. ಚಿಕ್ಕೀರ ಓಡುತ್ತಿದ್ದ. ಕಾಗೆ ಕೆಂಚವ್ವ ಹಾರುತ್ತಿದ್ದಳು. ಆಮೆ ಬೋರಜ್ಜ ಏನು ಮಾಡಬೇಕು? ಒಮ್ಮೆ ಮೊಸಳೆ ಅವನ ಬೆನ್ನನ್ನು ಬಾಯಲ್ಲಿ ಹಿಡಿದು ನೋಡಿ, ಏಕೋ ಬಿಟ್ಟುಬಿಟ್ಟಿತ್ತು. ಚಿಪ್ಪಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

"ಮೂರನೆಯ ಬೇಸಿಗೆ ನಾನು ಬದುಕಲ್ಲ" ಎಂದ ಬೋರಜ್ಜ. "ಆ ಮೊಸಳೆಗೆ ನನ್ನ ಚಿಪ್ಪು ಒಂದು ಹಪ್ಪಳ. ಒಳ್ಳೆ ಎಸೆತಗಾರನನ್ನು ತರೋಣ."

"ಎಲ್ಲಿಂದ ತರ್ತೀಯ ಅಜ್ಜ?" ಎಂದಳು ಕೆಂಚವ್ವ.

"ಬೇಲದ ಕಾಡಿಂದ. ಅಲ್ಲೊಬ್ಬ ಮುಸುವ ಇದ್ದಾನಂತೆ. ಓಬಳ ಅಂತ. ಒಂದು ಬೇಲದ ಕಾಯಿ ಎಸೆದು ಇನ್ನೊಂದು ಬೇಲದ ಕಾಯಿ ಬೀಳಿಸ್ತಾನಂತೆ."

ಮುಸುವ ಎಂದರೆ ಕಪ್ಪು ಮುಖದ ಕೋತಿ. ಉದ್ದ ಬಾಲದ್ದು.

ಓಬಳನ ಗುಂಪಿನ ಹಿರಿಯರು ಸುಮ್ಮನೆ ಬಿಡಲಿಲ್ಲ. ಕೆರೆ ದಂಡೆಯ ನೇರಳೆ ಮರ ಕೇಳಿದರು. ಆ ವರ್ಷದ ಹಣ್ಣೆಲ್ಲ ನಮಗೆ, ಒಂದೂ ಬಿಡದ ಹಾಗೆ ಎಂದರು. ಬೋರಜ್ಜ ಹೂಂ ಎಂದ. ಉಳಿದವರೂ ಹೂಂ ಎಂದರು. ಕೆಂಚವ್ವ ಹೂಂ ಎನ್ನಲಿಲ್ಲ. ಅವಳ ಗೂಡು ಇದ್ದದ್ದು ಅದೇ ಮರದಲ್ಲಿ.

ಓಬಳ ಬಂದ. ನಾಚಿಕೆಯ ಪ್ರಾಣಿ. ಮೆಲ್ಲಗೆ ಮಾತಾಡುವವ. ಬಂದ ದಿನ ಒಂದು ಎಸೆತ ಎಸೆದು ತೋರಿಸಿದ. ಕೈ ಮುಂದೆ ಹೋಯಿತು, ಬಾಲ ಹಿಂದೆ ಚಾಟಿಯ ಹಾಗೆ ಬೀಸಿತು. ಏಳು ಕಲ್ಲೂ ಚೆಲ್ಲಾಪಿಲ್ಲಿ.

ಕೆರೆ ದಂಡೆಯವರು ಕುಣಿದರು. ದ್ಯಾವಮ್ಮ ಕುಣಿದಾಗ ಕೆರೆಯ ನೀರು ಅರ್ಧ ಹೊರಗೆ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ.

ಕೆರೆ ದಂಡೆಯಲ್ಲಿ ಒಂದು ಪದ್ಧತಿ. ಎಸೆಯುವವನಿಗೆ ದೃಷ್ಟಿ ತಾಗಬಾರದು. ದೃಷ್ಟಿ ಬಂದು ಕೂರುವುದು ಬಾಲದಲ್ಲಿ. ಆದ್ದರಿಂದ ಬಾಲಕ್ಕೆ ಏನಾದರೂ ಕಟ್ಟಬೇಕು. ಚಿಕ್ಕೀರನ ಬಾಲ ಒಂದು ಹತ್ತಿಯ ಉಂಡೆ. ಅದಕ್ಕೆ ಒಂದು ಎಳೆ ಗರಿಕೆ ಕಟ್ಟುತ್ತಿದ್ದರು. ಸಾಕಾಗುತ್ತಿತ್ತು.

ದ್ಯಾವಮ್ಮ ಓಬಳನ ಬಾಲವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಅಯ್ಯೋ, ಇಷ್ಟುದ್ದ ಬಾಲ! ಎಷ್ಟು ದೃಷ್ಟಿ ಕೂರಬಹುದು ಇದರ ಮೇಲೆ! ಗರಿಕೆ ಯಾತಕ್ಕೂ ಸಾಲದು ಕಣಪ್ಪ."

ತನ್ನ ಕೊರಳಿನ ಮರದ ಗಂಟೆ ಬಿಚ್ಚಿ ಕಟ್ಟಿಬಿಟ್ಟಳು.

"ದ್ಯಾವಮ್ಮಾ, ಬಾಲಕ್ಕೆ ಸ್ವಲ್ಪ..." ಎಂದ ಓಬಳ.

"ಸಂಕೋಚ ಬೇಡ ಮಗಾ. ನೀನೇನು ಹೊರಗಿನವನಾ?"

ಮೊದಲ ಆಟ. ಜಡಿಯಪ್ಪ ಎರಡು ಕಲ್ಲು ಬೀಳಿಸಿದ. ಓಬಳ ಎಸೆದ. ಬಾಲದಲ್ಲಿ ಗಂಟೆ ಲೊಟಕ್ ಎಂದಿತು, ಸೊಂಟ ವಾಲಿತು, ಚೆಂಡು ಕಲ್ಲಿನ ಮೇಲಿಂದ ಹಾರಿ ಪೊದೆಗೆ ಬಿತ್ತು. ಮೂರು ಸಲವೂ ಅದೇ ಪೊದೆ.

"ದೃಷ್ಟಿ ಜೋರಾಗಿದೆ" ಎಂದ ಬೋರಜ್ಜ. ಎಲ್ಲಿಂದಲೋ ಒಂದು ದೊಡ್ಡ ಸೋರೆಬುರುಡೆ ಉರುಳಿಸಿಕೊಂಡು ಬಂದ. ಅದನ್ನೂ ಕಟ್ಟಿದರು.

"ಅಜ್ಜ, ನನ್ನ ಬಾಲ..." ಎಂದ ಓಬಳ.

"ಬಾಲದ ಚಿಂತೆ ನಮಗೆ ಬಿಡು. ನೀನು ಕೈ ನೋಡಿಕೋ."

ಎರಡನೆಯ ಆಟ. ಸೋರೆಬುರುಡೆ ಓಬಳನ ಹಿಂದೆ ಗಿರ್ರನೆ ತಿರುಗಿತು. ಓಬಳನೂ ತಿರುಗಿದ. ಚೆಂಡು ಹೋಗಿ ನೋಡುತ್ತಿದ್ದ ದ್ಯಾವಮ್ಮನ ಹಣೆಗೆ ಬಡಿಯಿತು.

"ವೇಗ ಇದೆ" ಎಂದಳು ದ್ಯಾವಮ್ಮ, ಹಣೆ ಉಜ್ಜಿಕೊಳ್ಳುತ್ತ. "ಅದನ್ನು ಒಪ್ಪಿಕೊಳ್ಳಬೇಕು."

ಆ ಸಂಜೆ ಚಿಕ್ಕೀರ ಒಂದು ಹೊರೆ ಹಾಗಲಬಳ್ಳಿ ತಂದು ಸುತ್ತಿದ. ಕಾಯಿಗಳ ಸಮೇತ. ಕೆಂಚವ್ವ ಯಾರದೋ ಮನೆಯಿಂದ ಎತ್ತಿ ತಂದಿದ್ದ ಹಿತ್ತಾಳೆ ಬೀಗ ತಂದು ಬಾಲದ ತುದಿಗೆ ಸಿಕ್ಕಿಸಿದಳು. ಅವಳಿಗೆ ಓಬಳನ ಮೇಲೆ ಪ್ರೀತಿ ಇರಲಿಲ್ಲ. ಆದರೆ ತನ್ನದೊಂದು ಇಲ್ಲದಿದ್ದರೆ ನಾಲ್ಕು ಜನ ಏನೆಂದುಕೊಂಡಾರು?

ಮೂರನೆಯ ಆಟದಲ್ಲಿ ಓಬಳ ಮುಂದಕ್ಕೆ ಎಸೆದ. ಚೆಂಡು ಹಿಂದಕ್ಕೆ ಹೋಯಿತು.

ಗುಡ್ಡದವರು ನಕ್ಕು ನಕ್ಕು ಗುಡ್ಡದಿಂದ ಉರುಳಿದರು. ಜಡಿಯಪ್ಪನಿಗೆ ಬಿಕ್ಕಳಿಕೆ ಬಂದು ಆಟ ಸ್ವಲ್ಪ ಹೊತ್ತು ನಿಂತಿತು.

ನಿಮಗೆ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ. ಅವರು ಕೆರೆ ದಂಡೆಯಲ್ಲಿ ಕೂತು ಚರ್ಚೆ ಮಾಡುತ್ತಿದ್ದರು.

"ಇಡೀ ನೇರಳೆ ಮರ ಕೊಟ್ಟಿದ್ದೀವಿ!" ಎಂದಳು ಕೆಂಚವ್ವ. "ಗೂಡಿನ ಬಾಗಿಲಲ್ಲೇ ಹಣ್ಣು ತೂಗುತ್ತೆ. ಮುಟ್ಟೋ ಹಾಗಿಲ್ಲ. ಯಾತಕ್ಕೆ? ಹಿಂದಕ್ಕೆ ಎಸೆಯೋ ಕೋತಿಗೆ! ಒಂದು ಮರಕ್ಕೆ ಇಂಥವು ನಾಲ್ಕು ಬರ್ತಿದ್ದವು."

"ಹೊಸ ಜಾಗ ಕಣಮ್ಮ" ಎಂದಳು ದ್ಯಾವಮ್ಮ. "ನೀರು ಹಿಡಿಸಿಲ್ಲ."

"ನೀರು ಕುಡಿಯೋದು ಬಾಯಲ್ಲಿ. ಎಸೆಯೋದು ಕೈಯಲ್ಲಿ."

"ವಯಸ್ಸಾಗಿದೆ ಅವನಿಗೆ" ಎಂದ ಚಿಕ್ಕೀರ. "ಬೇಲದ ಕಾಡಿನವರು ಅದಕ್ಕೇ ಅಷ್ಟು ಬೇಗ ಒಪ್ಪಿದ್ದು. ಮುದಿ ಸರಕು ನಮ್ಮ ತಲೆಗೆ ಕಟ್ಟಿದರು. ನನ್ನ ಕಾಲದಲ್ಲಿ..."

"ನಿನ್ನ ಕಾಲದಲ್ಲಿ ಎಷ್ಟು ಕಲ್ಲು ಬಿತ್ತು?" ಎಂದಳು ಕೆಂಚವ್ವ.

"ಒಂದು."

"ಅದು ಗಾಳಿಗೆ ಬಿದ್ದದ್ದು!"

"ಗಾಳಿ ಬೀಸುವ ಹೊತ್ತು ನೋಡಿ ಎಸೆದವನು ಯಾರು?"

ಬೋರಜ್ಜ ತಲೆ ಹೊರಗೆ ಚಾಚಿದ. "ಬಂದ ದಿನ ಏಳೂ ಬೀಳಿಸಿದನಲ್ಲ. ನಾವೆಲ್ಲ ನೋಡಿದೆವಲ್ಲ."

"ಆಟ ನೋಡೋ ಮೊದಲೇ ಮರ ಕೊಟ್ಟೆಯಲ್ಲ ಅಜ್ಜ, ನಿನ್ನ ಚಿಪ್ಪಿನೊಳಗೆ ತಲೆ ಇದೆಯಾ?" ಎಂದಳು ಕೆಂಚವ್ವ.

ಬೋರಜ್ಜ ತಲೆ ಒಳಗೆ ಎಳೆದುಕೊಂಡ. ಇದೆ ಎಂದು ಹೇಳುವ ಧೈರ್ಯ ಆಗಲಿಲ್ಲ.

ಓಬಳ ಹತ್ತಿರದ ಕೊಂಬೆಯಲ್ಲೇ ಇದ್ದ. ಬಾಲ ಕೆಳಗೆ ಜೋತಿತ್ತು. "ಒಂದು ಮಾತು ಹೇಳಲಾ?" ಎಂದ.

"ನೀನು ಸುಮ್ಮನಿರಪ್ಪ" ಎಂದರು ನಾಲ್ವರೂ. "ನಿನ್ನ ವಿಷಯವೇ ಮಾತಾಡ್ತಾ ಇದ್ದೀವಿ."

ನಾಲ್ಕನೆಯ ಆಟದ ದಿನ ಬಂತು. ಬಿಸಿಲು ಸುಡುತ್ತಿತ್ತು. ಕೆರೆ ಬತ್ತಿ ಕೆಸರಾಗಿತ್ತು. ಹೊಂಗೆಯ ಕೆಳಗೆ ಮಾತ್ರ ನೀರು ಹಸಿರಾಗಿ ತಣ್ಣಗಿತ್ತು. ಬೋರಜ್ಜ ಅದನ್ನೇ ನೋಡುತ್ತ ಕೂತ.

ತೀರ್ಪುಗಾರ ಕೊಕ್ಕರೆ ಒಂದು ಕಾಲು ಎತ್ತಿದ. ಆಟ ಶುರು.

ಜಡಿಯಪ್ಪ ಎಸೆದ. ಮೊದಲ ಎಸೆತ ಎರಡು ಕಲ್ಲು. ಎರಡನೆಯದು ಮೂರು. ಮೂರನೆಯದು ನಾಲ್ಕು. ಗುಡ್ಡದವರು ಆಗಲೇ ನೆರಳಿನಲ್ಲಿ ತಮ್ಮ ತಮ್ಮ ಜಾಗ ಹಿಡಿಯತೊಡಗಿದರು.

ಓಬಳ ಗೆರೆಗೆ ಬಂದ. ಹಿಂದೆ ಗಂಟೆ, ಬುರುಡೆ, ಬಳ್ಳಿ, ಬೀಗ. ಸಂತೆಗೆ ಹೊರಟ ಗಾಡಿಯ ಹಾಗೆ ಸದ್ದು.

ಮೊದಲ ಎಸೆತ ಕೆಸರಿಗೆ ಬಿತ್ತು.

ಎರಡನೆಯದು ನೇರ ಮೇಲಕ್ಕೆ ಹೋಯಿತು. ಎಲ್ಲರೂ ಕತ್ತೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಚೆಂಡು ಚಿಕ್ಕೀರನ ಎರಡು ಕಿವಿಗಳ ನಡುವೆ ಇಳಿಯಿತು.

"ಸಾಕು!" ಎಂದು ಕಿರುಚಿದಳು ಕೆಂಚವ್ವ. "ನಾನು ನದಿಗೆ ಹೊರಟೆ. ಈ ಕೋತಿಯನ್ನು ಬೇಲದ ಕಾಡಿಗೆ ಕಳಿಸಿ. ಆದರೆ ನನ್ನ ಬೀಗ ಅವನ ಜೊತೆ ಹೋಗಬಾರದು. ಕೊಡೋ ಇಲ್ಲಿ!"

ಹಾರಿಬಂದು ಬೀಗ ಕಿತ್ತುಕೊಂಡಳು.

"ಅವಳದು ಅವಳಿಗಾದರೆ ನನ್ನದು ನನಗೆ" ಎಂದಳು ದ್ಯಾವಮ್ಮ. "ಗಂಟೆ ಇಲ್ಲದೆ ನನ್ನ ಕೊರಳು ಬೋಳಾಗಿದೆ." ಹಲ್ಲಿನಲ್ಲಿ ಹಗ್ಗ ಕಚ್ಚಿ ಎಳೆದಳು.

"ನನ್ನ ಹಾಗಲ!" ಎಂದು ಚಿಕ್ಕೀರ ನುಗ್ಗಿದ. ಬಿಚ್ಚಲು ಪುರುಸೊತ್ತಿಲ್ಲದೆ ಅಲ್ಲೇ ತಿನ್ನತೊಡಗಿದ. ಮುಖ ಕಹಿಯಾಯಿತು. ಬಿಡಲಿಲ್ಲ.

ಒಬ್ಬರು ಎಳೆದರೆ ಇನ್ನೊಬ್ಬರ ಮೇಲೆ ಬಿದ್ದರು. ಧೂಳೆದ್ದಿತು. ಕೊಕ್ಕರೆ ಕಾಲು ಬದಲಾಯಿಸಿ, "ಬೇಗ, ಬೇಗ" ಎಂದ. ಗುಡ್ಡದವರಿಗೆ ಇದು ಆಟಕ್ಕಿಂತ ಚೆನ್ನಾಗಿ ಕಂಡಿತು. ನೆರಳು ಬಿಟ್ಟು ನೋಡಲು ಓಡಿಬಂದರು.

ಕೊನೆಗೆ ಉಳಿದದ್ದು ಬೋರಜ್ಜನ ಸೋರೆಬುರುಡೆ. ಅದರ ಯಜಮಾನ ಇನ್ನೂ ದಾರಿಯಲ್ಲಿದ್ದ. ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದ.

"ಓಬಳಾ, ಬೇಜಾರು ಮಾಡಿಕೊಳ್ಳಬೇಡ" ಎಂದ. "ಬುರುಡೆ ನನಗೂ ಬೇಕು. ನದಿಯಲ್ಲಿ ಮೊಸಳೆ ಬಂದಾಗ ಮುಂದೆ ತಳ್ಳುತ್ತೇನೆ. ಮೊದಲು ಅದನ್ನು ಕಚ್ಚಲಿ. ಅಷ್ಟರಲ್ಲಿ ನಾನು ಎರಡು ಹೆಜ್ಜೆ ಹೋಗಿರುತ್ತೇನೆ."

ಓಬಳ ಅವನ ಚಿಪ್ಪಿನ ಮೇಲಿನ ಹಲ್ಲಿನ ಗುರುತು ನೋಡಿದ. ತಾನೇ ಬುರುಡೆ ಬಿಚ್ಚಿ ಬೋರಜ್ಜನ ಮುಂದೆ ಇಟ್ಟ.

ಆಮೇಲೆ ಬಾಲ ಎತ್ತಿದ. ಅದು ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಓಬಳನಿಗೇ ಆಶ್ಚರ್ಯ. ಒಮ್ಮೆ ಎಡಕ್ಕೆ ಬೀಸಿ ನೋಡಿದ. ಒಮ್ಮೆ ಬಲಕ್ಕೆ ಬೀಸಿ ನೋಡಿದ. ಮುಖ ಅರಳಿತು.

ಎಸೆದ.

ಕಲ್ಲು ಚದುರಿದ ಸದ್ದು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಏಳೂ ಬಿದ್ದಿದ್ದವು. ಒಂದು ಕಲ್ಲು ಎಲ್ಲಿ ಹೋಯಿತೋ ಸಿಗಲೇ ಇಲ್ಲ.

ಆಮೇಲೆ ನೋಡಬೇಕಿತ್ತು! ದ್ಯಾವಮ್ಮ ಕೆಸರಿನಲ್ಲಿ ಉರುಳಿದಳು. ಚಿಕ್ಕೀರ ಬಾಯಿ ತುಂಬ ಹಾಗಲ ಇಟ್ಟುಕೊಂಡು ಎಂಟು ಸಲ ಲಾಗ ಹಾಕಿದ. ಜಡಿಯಪ್ಪ ಕೂಡ ಚಪ್ಪಾಳೆ ತಟ್ಟಿ, ಆಮೇಲೆ ತಾನು ಯಾವ ಕಡೆಯವನೆಂದು ನೆನಪಾಗಿ ನಿಲ್ಲಿಸಿದ.

"ನಾನು ಮೊದಲೇ ಹೇಳಿದ್ದೆ!" ಎಂದಳು ಕೆಂಚವ್ವ. "ನಾನು ಬೀಗ ಕಿತ್ತದ್ದಕ್ಕೇ ಗೆದ್ದದ್ದು!"

"ಗಂಟೆ ಬಿಚ್ಚಿದವಳು ನಾನಲ್ವಾ?"

"ನಾನು ತಿಂದೆನಲ್ಲ, ಅದಕ್ಕೆ ಲೆಕ್ಕವಿಲ್ವಾ?"

ಬೋರಜ್ಜ ಮಾತ್ರ ಬುರುಡೆಯನ್ನು ನೋಡಿದ, ಬಾಲವನ್ನು ನೋಡಿದ. ಅವನ ತಲೆಯಲ್ಲಿ ವಿಷಯ ನಡೆದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂತು.

"ಓಬಳಾ, ಭಾರ ಆಗ್ತಿದೆ ಅಂತ ನೀನು ಯಾಕಪ್ಪಾ ಹೇಳಲಿಲ್ಲ?"

"ಹೇಳಿದೆ ಅಜ್ಜ. ಹನ್ನೊಂದು ಸಲ ಹೇಳಿದೆ."

"ಯಾವಾಗ?"

"ನೀವೆಲ್ಲ ನನ್ನ ಬಗ್ಗೆ ಚರ್ಚೆ ಮಾಡುವಾಗ."

ಎಲ್ಲರೂ ಸುಮ್ಮನಾದರು. ಕೆಂಚವ್ವ ಕೂಡ ಕೊಕ್ಕು ಮುಚ್ಚಿದಳು. ಆ ಕೆರೆಯಲ್ಲಿ ಅಷ್ಟು ಮೌನ ಹಿಂದೆಂದೂ ಆಗಿರಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಇತ್ತು.

"ಅದೆಲ್ಲ ಸರಿ" ಎಂದ ಚಿಕ್ಕೀರ. "ಮುಂದಿನ ವರ್ಷಕ್ಕೆ ಇವನು ಸಾಕಾಗ್ತಾನಾ? ಇನ್ನೊಬ್ಬನನ್ನೂ ನೋಡಬೇಕಾ?"

ಮತ್ತೆ ಶುರುವಾಯಿತು. ಬೋರಜ್ಜ ಕಾಯಲಿಲ್ಲ. ಹೊಂಗೆಯ ಕೆಳಗಿನ ಹಸಿರು ನೀರಿಗೆ ಮೆಲ್ಲಗೆ ಇಳಿದ. ಮೊದಲು ಕಾಲು, ಆಮೇಲೆ ಚಿಪ್ಪು, ಕೊನೆಗೆ ತಲೆ. ನೀರಿನೊಳಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ನೀತಿ: ಸೋತವನು ಯೋಗ್ಯನೋ ಅಲ್ಲವೋ ಎಂದು ಅಳೆಯುವ ಮೊದಲು, ಅವನ ಮೇಲೆ ನಾವು ಹೇರಿದ್ದನ್ನು ಇಳಿಸಿ ನೋಡಬೇಕು.